ಸಂತೆ, ಸೇರು, ಸಾರು

ಬೇಲೂರು ಹಳೇಬೀಡುಗಳಿಗೆ ಹೋಗಿ ಬಂದವರನ್ನು "ಅಲ್ಲಿ ಏನು ನೋಡಿದಿರಿ?" ಎಂದು ಕೇಳಿದರೆ ಉತ್ತರ ನಾಲಗೆಯ ತುದಿಯಲ್ಲಿಯೇ ಇರುತ್ತದೆ. ದರ್ಪಣ ಹಿಡಿದ ಸುಂದರಿ, ಆನೆಗಳ ಸಾಲು, ಗೋವರ್ಧನವನ್ನೆತ್ತಿದ ಕೃಷ್ಣ, ವಿಷ್ಣುವರ್ಧನ, ಶಾಂತಲೆ. 2023ರ ಸೆಪ್ಟೆಂಬರಿನಲ್ಲಿ ಈ ಎರಡು ಊರುಗಳ ಗುಡಿಗಳು ಸೋಮನಾಥಪುರದ ಗುಡಿಯೊಡನೆ ವಿಶ್ವ ಪರಂಪರೆಯ ಪಟ್ಟಿಗೂ ಸೇರಿದವು. ಎಲ್ಲವೂ ಸರಿಯೆ. ಆದರೆ ಆ ಕಲ್ಲನ್ನು ಕಡೆದ ರೂವಾರಿಯ ಮಧ್ಯಾಹ್ನದ ಬುತ್ತಿಯಲ್ಲಿ ಏನಿತ್ತು? ಅವನ ಮನೆಯಾಕೆ ಕಾಳು ಕಡ್ಡಿಗಳನ್ನು ಎಲ್ಲಿಂದ ತಂದಳು, ಯಾವ ಪಾತ್ರೆಯಲ್ಲಿ ಬೇಯಿಸಿದಳು, ಎಷ್ಟಕ್ಕೆ ಕೊಂಡಳು? ಈ ಪ್ರಶ್ನೆಯನ್ನು ಕೇಳುವವರು ವಿರಳ. ಅರಸುಮನೆಯ ಚರಿತ್ರೆಯನ್ನು ಶಾಲೆಯಲ್ಲಿ ಹೇಳಿಕೊಡುತ್ತೇವೆ. ಅಡಿಗೆಮನೆಯ ಚರಿತ್ರೆಯನ್ನು ಹೇಳಿಕೊಡುವ ಪಾಠವಿಲ್ಲ, ಪರೀಕ್ಷೆಯೂ ಇಲ್ಲ.

ಹಾಗೆಂದು ಅದು ಸಾಕ್ಷ್ಯವಿಲ್ಲದ ಚರಿತ್ರೆಯಲ್ಲ. ಮೂರು ಕಡೆ ಅದರ ಕುರುಹು ಉಳಿದಿದೆ. ಶಾಸನಗಳ ಅಳತೆ ಸುಂಕಗಳಲ್ಲಿ ಒಂದಿಷ್ಟು. ನಾವು ನಿತ್ಯ ಆಡುವ ಅಡಿಗೆಯ ಮಾತುಗಳಲ್ಲಿ ಒಂದಿಷ್ಟು. ವಾರದ ಸಂತೆಯಲ್ಲಿ ಮತ್ತು ಅಟ್ಟದ ಮೇಲಿನ ಹಳೆಯ ಪಾತ್ರೆಗಳಲ್ಲಿ ಇನ್ನೊಂದಿಷ್ಟು. ಈ ಮೂರನ್ನೂ ಅರಸೀಕೆರೆ, ಬೇಲೂರು, ಹಳೇಬೀಡುಗಳ ಸೀಮೆಯಲ್ಲಿ ನಿಂತು ನೋಡಿದರೆ ಒಂದು ಸಂಗತಿ ಹೊಳೆಯುತ್ತದೆ. ಅರಸರ ಚರಿತ್ರೆ ನಡುನಡುವೆ ಕಡಿದುಹೋಗಿದೆ. ಒಲೆಯ ಚರಿತ್ರೆ ಕಡಿಯದೆ ಬಂದಿದೆ. ಅದನ್ನು ಕಡಿಯದಂತೆ ಕಾಪಾಡಿದ್ದು ಅಳತೆಯನ್ನೂ ಬೆಲೆಯನ್ನೂ ಬಲ್ಲ ಗೃಹಿಣಿಯ ವಿವೇಕ.

ಮೊದಲು ನೆಲವನ್ನು ನೋಡೋಣ. ಈ ಮೂರು ಊರುಗಳು ಒಂದೇ ಜಿಲ್ಲೆಗೆ ಸೇರಿದ್ದರೂ ಮಳೆ ಮೂರಕ್ಕೂ ಒಂದೇ ಅಲ್ಲ. ಅರಸೀಕೆರೆ ಬಯಲುಸೀಮೆ. ಮಳೆ ಕಡಮೆ, ರಾಗಿ ಹುರುಳಿ ಹೆಚ್ಚು, ಕಣ್ಣು ಹಾಯಿಸಿದತ್ತ ತೆಂಗು. ಬೇಲೂರು ಯಗಚಿಯ ದಡದ ಅರೆಮಲೆನಾಡು. ಬತ್ತದ ಗದ್ದೆ, ಪಶ್ಚಿಮಕ್ಕೆ ಹೋದಂತೆ ಕಾಫಿ, ಏಲಕ್ಕಿ, ಮೆಣಸಿನ ಬಳ್ಳಿ. ಅಲ್ಲಿಂದ ಸುಮಾರು 16 ಕಿಲೋಮೀಟರ್ ದೂರದ ಹಳೇಬೀಡು ಇವೆರಡರ ನಡುವೆ, ದೊಡ್ಡ ಕೆರೆಯನ್ನು ನಂಬಿಕೊಂಡ ಊರು. ಆದ್ದರಿಂದಲೇ ಅರಸೀಕೆರೆಯ ಕಡೆ "ಹಿಟ್ಟಾಯಿತೇ?" ಎಂದರೆ ಊಟವಾಯಿತೇ ಎಂದು ಅರ್ಥ, ಹಿಟ್ಟೆಂದರೆ ರಾಗಿ ಮುದ್ದೆ. ಅದರ ಜೊತೆಗೆ ಹುರುಳಿ ಕಟ್ಟಿನ ಸಾರು, ಬಸ್ಸಾರು, ಮಸ್ಸೊಪ್ಪು, ಕಾಲ ಬಂದಾಗ ಅವರೆಕಾಯಿ. ಬೇಲೂರಿನಿಂದ ಮಲೆಯ ಕಡೆಗೆ ಹೋದರೆ ಅಕ್ಕಿರೊಟ್ಟಿ, ಕಡುಬು, ಒತ್ತುಶ್ಯಾವಿಗೆ, ಕೆಸುವಿನ ಸೊಪ್ಪು, ಕಳಲೆ. ಒಂದು ಸೀಮೆಯ ಸೊಸೆ ಮತ್ತೊಂದು ಸೀಮೆಗೆ ಹೋದಾಗ ಮೊದಲ ಆರು ತಿಂಗಳು ನಡೆಯುವ ಸಂಸಾರದ ಚರ್ಚೆಯೆಲ್ಲ ಬಹುಮಟ್ಟಿಗೆ ಈ ಮಳೆಯ ವ್ಯತ್ಯಾಸದ ಚರ್ಚೆಯೇ ಆಗಿರುತ್ತದೆ!

ಇನ್ನು ಶಾಸನಗಳ ಮಾತು. ಹಾಸನ ಜಿಲ್ಲೆಯ ಶಾಸನಗಳನ್ನು ಬಿ. ಎಲ್. ರೈಸ್ ಅವರು 1902ರಲ್ಲಿ 'ಎಪಿಗ್ರಾಫಿಯ ಕರ್ನಾಟಿಕ'ದ ಐದನೆಯ ಸಂಪುಟವಾಗಿ ಹೊರತಂದರು. ಅದರ ಪುಟಗಳಲ್ಲಿ ಯುದ್ಧ ಬಿರುದುಗಳ ಸದ್ದು ದೊಡ್ಡದು. ಆದರೆ ಸದ್ದಡಗಿದ ಮೇಲೆ ದಾನದ ವಿವರ ಬರುತ್ತದೆ. ದೇವರ ನೈವೇದ್ಯಕ್ಕೆ ಇಷ್ಟು ಗದ್ದೆ, ನಂದಾದೀಪಕ್ಕೆ ಇಷ್ಟು ಎಣ್ಣೆ, ಸತ್ರಕ್ಕೆ ಇಷ್ಟು ಬತ್ತ. ಎಣ್ಣೆಯ ಗಾಣಕ್ಕೆ ತೆರಿಗೆ, ಎತ್ತು ಕತ್ತೆಗಳ ಮೇಲೆ ಬರುವ ಹೇರುಗಳಿಗೆ ಸುಂಕ, ವೀಳೆಯದೆಲೆಗೆ, ಅಡಕೆಗೆ, ಮೆಣಸಿಗೆ ಸುಂಕ. ವಿಷ್ಣುವರ್ಧನನು 1117ರಲ್ಲಿ ಬೇಲೂರಿನಲ್ಲಿ ವಿಜಯನಾರಾಯಣನನ್ನು ಪ್ರತಿಷ್ಠೆ ಮಾಡಿಸಿದಾಗ ಕಲ್ಲುಕುಟಿಗರ ಕೆಲಸದ ಜೊತೆಗೆ ಅಡಿಗೆಯವರ ಕೆಲಸವೂ ಆರಂಭವಾಯಿತು. ದೇವರಿಗೆ ನಿತ್ಯ ನೈವೇದ್ಯ ನಡೆಯಬೇಕಲ್ಲ! ಪೂಜೆ ಇಂದಿಗೂ ನಿಲ್ಲದೆ ನಡೆಯುತ್ತಿರುವ ಗುಡಿ ಅದು.

ಆ ಕಾಲದ ಅಳತೆಯನ್ನು ನೋಡಿರಿ. ನಾಲ್ಕು ಮಾನಕ್ಕೆ ಒಂದು ಬಳ್ಳ, ನಾಲ್ಕು ಬಳ್ಳಕ್ಕೆ ಒಂದು ಕೊಳಗ, ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಗದ್ದೆಯನ್ನೂ ಖಂಡುಗದಿಂದಲೇ ಹೇಳುತ್ತಿದ್ದರು. ಇಷ್ಟು ಬಿತ್ತನೆ ಹಿಡಿಯುವ ನೆಲ ಎಂದು ಅರ್ಥ. ನೆಲವನ್ನು ಅಳೆಯುವುದಕ್ಕೂ ಕಣದಲ್ಲಿ ರಾಶಿಯನ್ನು ಅಳೆಯುವುದಕ್ಕೂ ಅನ್ನಕ್ಕೆ ಅಕ್ಕಿ ಹಾಕುವುದಕ್ಕೂ ಹೀಗೆ ಒಂದೇ ಮಾತಿನ ಕುಟುಂಬ. ಹೊಲದಿಂದ ಒಲೆಯವರೆಗೆ ಲೆಕ್ಕ ಕಡಿಯದೆ ಹರಿಯುತ್ತಿತ್ತು.

ಹಳೇಬೀಡಿನ ಹೊಯ್ಸಳೇಶ್ವರ ಗುಡಿಯನ್ನು ಕಟ್ಟಿಸಿದವರಲ್ಲಿ ಕೇತಮಲ್ಲ, ಕೇಸರಸೆಟ್ಟಿ ಮೊದಲಾದವರ ಹೆಸರು ಬರುತ್ತದೆ. ಅಂದರೆ ಆ ಗೋಡೆಗಳ ಹಿಂದೆ ವ್ಯಾಪಾರದ ಹಣವೂ ಇದೆ. ಪಟ್ಟಣದ ವ್ಯಾಪಾರಕ್ಕೆ ಪಟ್ಟಣಸ್ವಾಮಿ ಎಂಬ ಮುಖಂಡ ಇರುತ್ತಿದ್ದ. ಸಂತೆಗಳನ್ನು ಕಟ್ಟಿ ಬೆಳೆಸುವುದರಲ್ಲಿ ಇಂಥವರ ಕೈ ಇರುತ್ತಿತ್ತು. ಅರಸಿಯ ಕೆರೆಯಿಂದ ಹೆಸರು ಪಡೆದ ಅರಸೀಕೆರೆಯೂ ಅಂದು ವರ್ತಕರ ದೊಡ್ಡ ನೆಲೆ. ಅಲ್ಲಿಯ ಶಿವಾಲಯ, ಸಹಸ್ರಕೂಟ ಜಿನಾಲಯಗಳು 1220ರ ಸುಮಾರಿನವು. ಒಂದೇ ಊರಿನಲ್ಲಿ ಶೈವರೂ ಜೈನರೂ ಒಂದೇ ಕಾಲದಲ್ಲಿ ಗುಡಿ ಕಟ್ಟಿಸಿದರೆಂದರೆ ಆ ಊರಿನ ಅಂಗಡಿಗಳು ಚೆನ್ನಾಗಿ ನಡೆಯುತ್ತಿದ್ದವು ಎಂದೇ ತಿಳಿಯಬೇಕು.

ಇದೆಲ್ಲ ಎಷ್ಟು ಕಾಲ? 1311ರಲ್ಲಿ ಮಲಿಕ್ ಕಾಫರನ ದಂಡು ದೋರಸಮುದ್ರಕ್ಕೆ ಬಂದಿತು. ಮುಂದೆ ದೆಹಲಿಯ ಸೈನ್ಯ ಮತ್ತೊಮ್ಮೆ ಬಂದಿತು. ರಾಜಧಾನಿ ಅಳಿದು ಊರಿಗೆ ಹಳೆಯ ಬೀಡೆಂಬ ಹೆಸರೇ ಉಳಿಯಿತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ನಮ್ಮ ಗಾದೆ ಇಂಥ ಕಡೆಯೇ ಹುಟ್ಟಿರಬೇಕೆನಿಸುತ್ತದೆ. ಆದರೆ ಅರಮನೆಯ ಒಲೆ ಆರಿದ ಮೇಲೂ ಸುತ್ತಲಿನ ಹಳ್ಳಿಗಳ ಒಲೆಗಳು ಆರಲಿಲ್ಲ. ಆ ಒಲೆಗಳ ಮೇಲೆ ಏನು ಬೇಯುತ್ತಿತ್ತು ಎಂಬುದನ್ನು ಗ್ರಂಥಗಳಿಂದ ಸ್ವಲ್ಪ ಮಟ್ಟಿಗೆ ತಿಳಿಯಬಹುದು.

ನಮ್ಮ ಭಾಷೆಯಲ್ಲಿ ಅಡಿಗೆಯನ್ನು ಕುರಿತು ಬರೆದವರಿಗೆ ಕೊರತೆಯಿಲ್ಲ. ಶಿವಕೋಟ್ಯಾಚಾರ್ಯರ ವಡ್ಡಾರಾಧನೆಯಲ್ಲಿಯೇ ಇಡ್ಡಲಿಗೆಯ ಹೆಸರು ಬಂದಿದೆ. ಅದು 10ನೆಯ ಶತಮಾನದ ಗ್ರಂಥ. 1025ರ ಸುಮಾರಿನ ಚಾವುಂಡರಾಯನ ಲೋಕೋಪಕಾರದಲ್ಲಿ ಮಳೆಯ ಲಕ್ಷಣ, ಬಾವಿ ತೋಡುವುದು, ಮರ ಬೆಳೆಸುವುದು ಇವುಗಳ ಜೊತೆಗೆ ಅಡಿಗೆಯ ಅಧ್ಯಾಯವೂ ಉಂಟು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 1129ರ ಸುಮಾರಿನಲ್ಲಿ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಅರಸನ ಅನ್ನಭೋಗಕ್ಕೆ ಒಂದು ಪ್ರಕರಣವೇ ಮೀಸಲು. ಸೋಮೇಶ್ವರ ನಮ್ಮ ವಿಷ್ಣುವರ್ಧನನ ಸಮಕಾಲೀನ. ಹೀಗಾಗಿ ಬೇಲೂರಿನ ಗುಡಿಯ ಹೊಸ ಕಲ್ಲಿನ ಹೊಳಪು ಮಾಸುವ ಮೊದಲೇ ಬರೆದ ಅಡಿಗೆಯ ಮಾತು ಅದು. ಅದರಲ್ಲಿ ಇಡ್ಡರಿಕಾ, ದೋಸಕ, ವಟಕ, ಮಂಡಕ ಎಲ್ಲವೂ ಇವೆ. ಇಡ್ಲಿ, ದೋಸೆ, ವಡೆ, ಮಂಡಿಗೆಗಳ ಗುರುತು ಹಿಡಿಯುವುದಕ್ಕೆ ಪಾಂಡಿತ್ಯವೇನೂ ಬೇಡ. ಆದರೆ ಅಂದಿನ ಇಡ್ಲಿ ಇಂದಿನದಲ್ಲ. ಅದರಲ್ಲಿ ಅಕ್ಕಿಯಿಲ್ಲ, ಉದ್ದಿನ ಹಿಟ್ಟಿಗೆ ಮೆಣಸು, ಜೀರಿಗೆ, ಇಂಗು ಬೆರೆಸಿ ಮಾಡಿದ ತಿಂಡಿ. ಮುಂದೆ 16ನೆಯ ಶತಮಾನದ ಆರಂಭದಲ್ಲಿದ್ದ ಮೂರನೆಯ ಮಂಗರಸನು ಸೂಪಶಾಸ್ತ್ರವೆಂದು ಇಡೀ ಗ್ರಂಥವನ್ನೇ ಷಟ್ಪದಿಯಲ್ಲಿ ಬರೆದ. ಹಿಟ್ಟಿನ ತಿಂಡಿ, ಪಾನಕ, ಅನ್ನ, ಬದನೆ, ಬಾಳೆ, ಹಲಸು ಎಲ್ಲಕ್ಕೂ ಅಲ್ಲಿ ಪಾಕಕ್ರಮವಿದೆ. ಅಡಿಗೆಯನ್ನು ಕಾವ್ಯದ ಮಟ್ಟಕ್ಕೆ ಏರಿಸಿದ ಜನ ನಾವು. ಆದರೆ ಮನೆಯಲ್ಲಿ ಸಾರು ಚೆನ್ನಾಗಿದೆ ಎಂದು ಒಂದು ಮಾತು ಹೇಳುವುದಕ್ಕೆ ಮಾತ್ರ ನಮಗೆ ಬಾಯಿ ಬರುವುದಿಲ್ಲ!

ಈ ಗ್ರಂಥಗಳಲ್ಲಿ ಇಲ್ಲದ್ದೇನು ಎಂದು ನೋಡುವುದೂ ಅಷ್ಟೇ ಸ್ವಾರಸ್ಯ. ಮೆಣಸಿನಕಾಯಿ ಇಲ್ಲ. ಆಲೂಗೆಡ್ಡೆ ಇಲ್ಲ. ಟೊಮೇಟೊ, ಕಡಲೆಕಾಯಿ, ಪರಂಗಿ ಹಣ್ಣು, ಗೋಡಂಬಿ ಯಾವುದೂ ಇಲ್ಲ. ಇವೆಲ್ಲ ಅಮೆರಿಕ ಖಂಡದ ಸಸ್ಯಗಳು. ಪೋರ್ಚುಗೀಸರ ಹಡಗುಗಳು ಗೋವೆ ಮತ್ತು ಕರಾವಳಿಗೆ ಬರತೊಡಗಿದ ಮೇಲೆ, 16ನೆಯ ಶತಮಾನದಿಂದ ಈಚೆಗೆ, ಒಂದೊಂದಾಗಿ ನಮ್ಮ ಅಡಿಗೆಮನೆಗೆ ಬಂದವು. ವಿಷ್ಣುವರ್ಧನನ ಸಾರಿಗೆ ಖಾರ ಕೊಟ್ಟದ್ದು ಕರಿಯ ಮೆಣಸು. ಹೊಸ ಖಾರ ಬಂದಾಗ ನಮ್ಮ ಹೆಂಗಸರು ಅದಕ್ಕೆ ಹೊಸ ಹೆಸರನ್ನು ಹುಡುಕುತ್ತ ಕೂರಲಿಲ್ಲ. ಮೆಣಸಿನಂತೆ ಖಾರವಾದ ಕಾಯಿ, ಆದ್ದರಿಂದ ಮೆಣಸಿನಕಾಯಿ. ಕಡಲೆಯಂತೆ ರುಚಿ, ಸಿಪ್ಪೆಯೊಳಗಿನ ಬೀಜ, ಆದ್ದರಿಂದ ಕಡಲೆಕಾಯಿ. ಪರಂಗಿಯವನು ತಂದದ್ದು ಪರಂಗಿ ಹಣ್ಣು. ದೂರದೇಶದ್ದೆಲ್ಲ ಸೀಮೆಯದು: ಸೀಮೆಬದನೆ, ಸೀಮೆಎಣ್ಣೆ. ಇಂದು ಹಾಸನ ಜಿಲ್ಲೆ ಆಲೂಗೆಡ್ಡೆಗೆ ಹೆಸರಾಗಿದೆ. ಆ ಗೆಡ್ಡೆ ಇಲ್ಲದೆ ಮದುವೆಯ ಪಲ್ಯವೇ ಇಲ್ಲವೆಂಬಂತಾಗಿದೆ. ಇದು ನಮ್ಮದು, ಅದು ಪರರದು ಎಂದು ತಟ್ಟೆಯ ಮುಂದೆ ಕುಳಿತು ಜಗಳವಾಡುವವರು ಈ ಚರಿತ್ರೆಯನ್ನು ಒಮ್ಮೆ ನೆನೆಯಬೇಕು. ಮಣ್ಣಿನ ಮಗನಾದ ರಾಗಿಯೇ ಬಹು ಹಿಂದೆ ಆಫ್ರಿಕದ ಪೂರ್ವಭಾಗದ ಎತ್ತರದ ನೆಲದಿಂದ ಬಂದ ಧಾನ್ಯವೆಂದು ಸಸ್ಯಶಾಸ್ತ್ರಜ್ಞರು ಹೇಳುತ್ತಾರೆ.

ಭಾಷೆಯ ಮಾತು ಬಂದಿತಾಗಿ ಇನ್ನೊಂದು ಸಂಗತಿ. ಹಳಗನ್ನಡದ ಪಕಾರ ನಡುಗನ್ನಡದಲ್ಲಿ ಹಕಾರವಾಯಿತೆಂಬುದನ್ನು ಪ್ರೌಢಶಾಲೆಯ ವ್ಯಾಕರಣದಲ್ಲಿ ಮಕ್ಕಳು ಕಂಠಪಾಠ ಮಾಡುತ್ತಾರೆ. ಪಾಲು ಹಾಲಾಯಿತು, ಪಿಟ್ಟು ಹಿಟ್ಟಾಯಿತು, ಪುಳಿ ಹುಳಿಯಾಯಿತು. ಈ ಬದಲಾವಣೆ ಹೊಯ್ಸಳರ ಕಾಲದಲ್ಲಿ ಭರದಿಂದ ನಡೆಯುತ್ತಿತ್ತು. ಅರಸರ ಮನೆತನದ ಹೆಸರೇ ಪೊಯ್ಸಳವೆಂದಿದ್ದುದು ಹೊಯ್ಸಳವಾಯಿತು. ಅರಮನೆಯ ಹೆಸರೂ ಅಡಿಗೆಮನೆಯ ಹೆಸರೂ ಒಂದೇ ನಿಯಮಕ್ಕೆ ತಲೆಬಾಗಿದವು! ಆದರೆ ಒಂದು ತಿಂಡಿ ಮಾತ್ರ ತಲೆಬಾಗಲಿಲ್ಲ. ಪುಳಿ ಎಂದರೆ ಹುಳಿ, ಓಗರವೆಂದರೆ ಅನ್ನ. ಪುಳಿಯೋಗರೆ ಇಂದಿಗೂ ಪಕಾರವನ್ನು ಬಿಟ್ಟಿಲ್ಲ. ಅಡು ಎಂಬ ಹಳೆಯ ಧಾತುವಿನಿಂದ ಅಡಿಗೆ. ದಾರಿಹೋಕರಿಗೆ ಕೂಳು ಅಟ್ಟು ಬಡಿಸುವ ಅಜ್ಜಿಯೇ ನಮ್ಮ ಕಥೆಗಳ ಅಡುಗೂಳಜ್ಜಿ. ಮಕ್ಕಳ ಬಾಯಲ್ಲಿ ಅಡಗೂಲಜ್ಜಿ. ರಾಜಕುಮಾರ ಎಷ್ಟೇ ಕಾಡು ಅಲೆದರೂ ಕೊನೆಗೆ ಬಂದು ಇಳಿದುಕೊಳ್ಳುವುದು ಆಕೆಯ ಮನೆಯಲ್ಲಿ. ಹೋಟೆಲುಗಳು ಹುಟ್ಟುವ ಮೊದಲು ಈ ನಾಡನ್ನು ಯಾರು ಸಾಕಿದರೆಂಬುದಕ್ಕೆ ಆ ಒಂದು ಮಾತೇ ಶಾಸನ.

ಈಗ ರಾಗಿಯ ಕಥೆಗೆ ಬರೋಣ. ಏಕೆಂದರೆ ಅಡಿಗೆಮನೆಯ ಚರಿತ್ರೆಯಲ್ಲಿ ರುಚಿಯ ಮಾತು ಅರ್ಧ. ಹಸಿವಿನ ಮಾತು ಉಳಿದರ್ಧ. ಕನಕದಾಸರು ರಾಮಧಾನ್ಯ ಚರಿತೆಯಲ್ಲಿ ಬತ್ತಕ್ಕೂ ರಾಗಿಗೂ ವಾದ ಹೂಡಿಸಿದ್ದಾರೆ. ಶ್ರೀರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಹೊರಬಂದಾಗ ಬತ್ತ ಸೊರಗಿರುತ್ತದೆ, ರಾಗಿ ಗಟ್ಟಿಮುಟ್ಟಾಗಿರುತ್ತದೆ. ಕಾವ್ಯದ ಈ ತೀರ್ಪಿನ ಹಿಂದೆ ಮೈಸೂರು ಸೀಮೆಯ ಪ್ರತಿ ರೈತನೂ ಬಲ್ಲ ಸತ್ಯವಿದೆ. ಚೆನ್ನಾಗಿ ಒಣಗಿದ ರಾಗಿಗೆ ಹುಳ ಹತ್ತುವುದು ಅಪರೂಪ. ನೆಲದಲ್ಲಿ ತೋಡಿದ ಹಗೇವಿನಲ್ಲಿ ಸುತ್ತಲೂ ಹುಲ್ಲು ಕೊಟ್ಟು ತುಂಬಿ ಬಾಯಿ ಮುಚ್ಚಿದರೆ ವರ್ಷಗಟ್ಟಲೆ ಕೆಡದು. ಹಗೇವನ್ನು ತೆಗೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಒಳಗಿನ ಕೆಟ್ಟ ಗಾಳಿ ಹೋಗಲೆಂದು ಬಾಯಿ ತೆರೆದಿಟ್ಟು, ದೀಪ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಇಳಿಯುವುದು. ಇದೂ ಅಡಿಗೆಯ ಶಾಸ್ತ್ರವೇ. ಅಡಿಗೆ ಒಲೆಯಲ್ಲಿ ಆರಂಭವಾಗುವುದಿಲ್ಲ.

ಧಾತು, ಈಶ್ವರ ಸಂವತ್ಸರಗಳಲ್ಲಿ, ಎಂದರೆ 1876ರಿಂದ 1878ರವರೆಗೆ, ಮೈಸೂರು ಸೀಮೆಯಲ್ಲಿ ಮಹಾ ಬರ ಬಂದಿತು. ಮಳೆ ಒಂದರ ಹಿಂದೆ ಒಂದು ವರ್ಷ ಕೈಕೊಟ್ಟಿತು. 1871ರ ಜನಗಣತಿಯಲ್ಲಿ 50 ಲಕ್ಷವನ್ನು ದಾಟಿದ್ದ ಮೈಸೂರು ಸೀಮೆಯ ಜನ 1881ರ ಗಣತಿಗೆ 42 ಲಕ್ಷದೊಳಗೆ ಇಳಿದರು. ಸುಮಾರು 10 ಲಕ್ಷ ಜನ ಸತ್ತರೆಂದು ಅಂದಾಜು. ಬಯಲುಸೀಮೆಯಲ್ಲಿ ಅದರ ಹೊಡೆತ ಮಲೆನಾಡಿಗಿಂತ ಭಾರಿ. ಹಗೇವು ತುಂಬಿದ್ದ ಮನೆ ಒಂದಷ್ಟು ದಿನ ಬದುಕಿತು. ಹಗೇವೇ ಇಲ್ಲದ ಕೂಲಿಯವನ ಮನೆ ಗಂಜಿಯ ಕೇಂದ್ರದ ಸಾಲಿನಲ್ಲಿ ನಿಂತಿತು. ನಮ್ಮ ಅಜ್ಜಿಯರು ಎಲೆಯಲ್ಲಿ ಒಂದು ಅಗುಳು ಬಿಟ್ಟರೂ ಗದರಿಸುತ್ತಿದ್ದರಲ್ಲ, ಅದನ್ನು ಜಿಪುಣತನವೆಂದು ನಗುವುದು ಸುಲಭ. ಆ ಗದರಿಕೆಯಲ್ಲಿ ಆ ಎರಡು ಸಂವತ್ಸರಗಳ ನೆನಪು ಇತ್ತು.

ಬರದ ಮತ್ತೊಂದು ಫಲ ರೈಲು. ಧಾನ್ಯ ಒಂದು ಕಡೆ ಇದ್ದು ಹಸಿವು ಇನ್ನೊಂದು ಕಡೆ ಇದ್ದಾಗ ಎತ್ತಿನ ಗಾಡಿ ಸಾಲದೆಂಬುದು ಆಗ ಎಲ್ಲರಿಗೂ ಮನವರಿಕೆಯಾಯಿತು. ಬರದ ತರುವಾಯ ಮೈಸೂರು ಸಂಸ್ಥಾನದಲ್ಲಿ ರೈಲುಹಾದಿಯ ಕೆಲಸ ಬಿರುಸಾಯಿತು. ಬೆಂಗಳೂರಿನಿಂದ ತುಮಕೂರು, ತಿಪಟೂರು, ಅರಸೀಕೆರೆಗಳ ಮೇಲೆ ಹರಿಹರದವರೆಗಿನ ಹಾದಿ 1889ರ ಹೊತ್ತಿಗೆ ಪೂರ್ತಿಯಾಯಿತು. ಮೈಸೂರಿನಿಂದ ಹಾಸನದ ಮೂಲಕ ಬರುವ ಹಾದಿ 1918ರಲ್ಲಿ ಅರಸೀಕೆರೆಯಲ್ಲಿ ಅದನ್ನು ಕೂಡಿಕೊಂಡಿತು. ಹಳೆಯ ವರ್ತಕರ ಊರು ಹೀಗೆ ಹೊಸ ಜಂಕ್ಷನ್ ಆಯಿತು. ತೆಂಗಿನಕಾಯಿಗೂ ಕೊಬ್ಬರಿಗೂ ದೂರದ ಪೇಟೆಗಳು ಹತ್ತಿರವಾದವು. ಇಲ್ಲಿಯ ಕೊಬ್ಬರಿ ಅವಸರದ ಸರಕಲ್ಲವೆಂಬುದನ್ನು ನೆನಪಿಡಬೇಕು. ಬಲಿತ ಕಾಯಿಯನ್ನು ಸುಲಿಯದೆ ಅಟ್ಟದ ಮೇಲೆ ಹರವಿ ವರ್ಷದ ಬಹುಭಾಗ ಹಾಗೆಯೇ ಬಿಟ್ಟರೆ ಒಳಗಿನ ನೀರು ಇಂಗಿ ಕೊಬ್ಬರಿ ಚಿಪ್ಪನ್ನು ಬಿಟ್ಟು ಗಿಟುಕಾಗುತ್ತದೆ. ಅಲ್ಲಾಡಿಸಿದರೆ ಒಳಗೆ ಗುಡುಗುಡು ಎನ್ನಬೇಕು.

ಜಂಕ್ಷನ್ ಎಂದರೆ ಕಾಯುವ ಸ್ಥಳ. ಕಾಯುವವರಿಗೆ ಹಸಿವಾಗುತ್ತದೆ. ಅದಕ್ಕೆ ಮೊದಲು ಪ್ರಯಾಣಕ್ಕೆ ಬುತ್ತಿಯೇ ಗತಿ: ಅವಲಕ್ಕಿ, ಹುರಿಹಿಟ್ಟು, ಪುಳಿಯೋಗರೆ, ಚಕ್ಕುಲಿ, ಕೋಡುಬಳೆ. ಇವುಗಳಲ್ಲಿ ಒಂದೂ ಎರಡು ದಿನಕ್ಕೆ ಕೆಡುವ ತಿಂಡಿಯಲ್ಲ ಎಂಬುದನ್ನು ಗಮನಿಸಿರಿ. ನಮ್ಮ ತಿಂಡಿಗಳ ರುಚಿಯನ್ನು ನಾಲಗೆ ನಿರ್ಣಯಿಸಿದ್ದರೂ ಅವುಗಳ ಹದವನ್ನು ನಿರ್ಣಯಿಸಿದ್ದು ದಾರಿಯ ದೂರ. ರೈಲು ಬಂದ ಮೇಲೆ ನಿಲ್ದಾಣದ ಹತ್ತಿರ ಬಿಸಿ ಇಡ್ಲಿ, ವಡೆ, ಕಾಫಿ ಬಂದವು. ಬಾಬಾ ಬುಡನ್ ಅವರು ಅರಬ್ ನಾಡಿನಿಂದ ಕಾಫಿಯ ಬೀಜವನ್ನು 17ನೆಯ ಶತಮಾನದಲ್ಲಿ ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ನೆಟ್ಟರೆಂಬುದು ಐತಿಹ್ಯ. ಗಿಡ ಬೇಲೂರಿನ ಮಗ್ಗುಲಲ್ಲಿಯೇ ಬೆಳೆದರೂ ಪಾನೀಯ ಸಾಮಾನ್ಯರ ಮನೆಯೊಳಕ್ಕೆ ಬಂದದ್ದು ಬಹು ಈಚೆಗೆ, 20ನೆಯ ಶತಮಾನದಲ್ಲಿ. ಅದಕ್ಕೆ ಮುಂಚೆ ಬೆಳಗಿನ ಪಾನೀಯವೆಂದರೆ ಗಂಜಿ, ಮಜ್ಜಿಗೆ, ರಾಗಿಯ ಅಂಬಲಿ. ಹೋಟೆಲಿನ ಇನ್ನೊಂದು ಚರಿತ್ರೆಯನ್ನೂ ಮರೆಯಬಾರದು. ಹಿಂದೆ ರೈಲು ನಿಲ್ದಾಣಗಳ ಉಪಾಹಾರಗೃಹಗಳಲ್ಲಿಯೂ ಜಾತಿಗೊಂದು ಪಂಕ್ತಿಯಿತ್ತು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೆಯ ವಿಧಿ ಅಂಗಡಿ, ಉಪಾಹಾರಗೃಹ, ಬಾವಿ, ಕೆರೆಗಳಲ್ಲಿ ಆ ಭೇದವನ್ನು ನಿಷೇಧಿಸಿತು. ಒಂದು ಲೋಟ ಕಾಫಿಯ ಹಿಂದೆ ಇಷ್ಟು ದೊಡ್ಡ ನ್ಯಾಯದ ಮಾತಿದೆ.

ಇನ್ನು ಪಾತ್ರೆಗಳು. ಬೇಲೂರು ಹಳೇಬೀಡಿನ ಗುಡಿಗಳನ್ನು ಕಟ್ಟಿದ ಕಲ್ಲು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆತ್ತಗಿದ್ದು ಉಳಿಗೆ ಒಗ್ಗುತ್ತದೆ. ಗಾಳಿಗೆ ಆರುತ್ತ ಹೋದಂತೆ ಗಟ್ಟಿಯಾಗುತ್ತದೆ. ಕೂದಲೆಳೆಯಂಥ ಆಭರಣದ ಕೆತ್ತನೆ ಅಲ್ಲಿ ಸಾಧ್ಯವಾದದ್ದು ಅದರಿಂದ. ಇದೇ ಜಾತಿಯ ಕಲ್ಲಿನಿಂದಲೇ ನಮ್ಮ ಮನೆಗಳ ಮರಿಗೆ, ಕಲ್ಲುಚಟ್ಟಿಗಳು ಆದವು. ಹುಣಸೆಹುಳಿಯಿಂದ ಕಿಲುಬು ಹಿಡಿಯದು. ಒಲೆಯಿಂದ ಇಳಿಸಿದ ಮೇಲೂ ಬಹಳ ಹೊತ್ತು ಕಾವು ಹಿಡಿದಿರುತ್ತದೆ. ಹೊಸ ಮರಿಗೆಯನ್ನು ತಂದ ದಿನವೇ ಉರಿಯ ಮೇಲಿಟ್ಟರೆ ಬಿರಿಯುತ್ತದೆ. ಎಣ್ಣೆ ಹಚ್ಚಿ, ಗಂಜಿ ಕಾಯಿಸಿ, ಸಣ್ಣ ಉರಿಯಲ್ಲಿ ಕೆಲವು ದಿನ ಪಳಗಿಸಬೇಕು. ಒಂದೇ ಕಲ್ಲು ಶಿಲ್ಪಿಯ ಕೈಯಲ್ಲಿ ಮದನಿಕೆಯಾಯಿತು, ಮನೆಯಾಕೆಯ ಕೈಯಲ್ಲಿ ಗೊಜ್ಜಿನ ಪಾತ್ರೆಯಾಯಿತು. ಮದನಿಕೆಗೆ ಕಾವಲುಗಾರನಿದ್ದಾನೆ. ಮರಿಗೆ ಹಿತ್ತಿಲಲ್ಲಿ ಮಳೆಗೆ ನೆನೆಯುತ್ತಿದೆ.

ಕಲ್ಲಿನ ಪಾತ್ರೆಯ ಜೊತೆಗೆ ಕಂಚು, ತಾಮ್ರ, ಹಿತ್ತಾಳೆಯ ಪಾತ್ರೆಗಳು. ತಾಮ್ರ ಹಿತ್ತಾಳೆಗಳಿಗೆ ಹುಳಿ ಆಗದು. ಒಳಗೆ ತವರದ ಕಲಾಯಿ ಬೇಕು. ತಿದಿ ಊದುತ್ತ ಬೀದಿ ಬೀದಿಯಲ್ಲಿ ಕಲಾಯಿ ಹಾಕುತ್ತಿದ್ದ ಸಾಹೇಬರ ಕೂಗನ್ನು ಕೇಳಿದ ಕಿವಿಗಳು ಇನ್ನೂ ಇವೆ. ಪಾತ್ರೆ ಕೊಳ್ಳುವುದಕ್ಕೆ ಜಾತ್ರೆಯೇ ಕಾಲ. ಬೇಲೂರಿನಲ್ಲಿ ಚೈತ್ರದ ಕೇಶವನ ರಥೋತ್ಸವ, ಅರಸೀಕೆರೆಯ ಹತ್ತಿರ ಮಾಲೇಕಲ್ಲು ತಿರುಪತಿಯ ಜಾತ್ರೆ. ತೇರು ನೋಡಿದ ಕಣ್ಣು ತಿರುಗುವುದು ಬೆಂಡು ಬತ್ತಾಸಿನ ಕಡೆಗೆ, ಕಡಲೆಪುರಿಯ ರಾಶಿಯ ಕಡೆಗೆ, ಆಮೇಲೆ ಪಾತ್ರೆಯ ಅಂಗಡಿಯ ಕಡೆಗೆ. ಕಂಚಿನ ತಟ್ಟೆಯನ್ನು ಬೆರಳಿನಿಂದ ತಟ್ಟಿ ನಾದ ಕೇಳುವುದು, ತಳವನ್ನು ಬೆಳಕಿಗೆ ಹಿಡಿಯುವುದು, ಮಡಕೆಗೆ ನೀರು ತುಂಬಿ ಒಸರುವುದೇ ಎಂದು ನೋಡುವುದು ಇವೆಲ್ಲ ತಾಯಿಂದ ಮಗಳಿಗೆ ಬಂದ ವಿದ್ಯೆ. 20ನೆಯ ಶತಮಾನದ ನಡುಗಾಲದಲ್ಲಿ ಅಲ್ಯುಮಿನಿಯಮ್, ಸ್ಟೀಲುಗಳು ಬಂದವು; 1950ರ ದಶಕದ ಕೊನೆಯಿಂದ ಪ್ರೆಷರ್ ಕುಕ್ಕರ್ ಬಂದಿತು. ಒಲೆಯ ಮುಂದಿನ ಹೊಗೆಯೂ ದುಡಿಮೆಯೂ ಕಡಮೆಯಾದವು. ಅದಕ್ಕೆ ಯಾರೂ ವ್ಯಸನಪಡಬೇಕಾಗಿಲ್ಲ. ಬೀಸುವ ಕಲ್ಲಿನ ಪದವನ್ನು ಮೆಚ್ಚುವ ನಾವು ಬೆಳಗಿನ ಜಾವ ಎದ್ದು ಬೀಸಿದ ತೋಳಿನ ನೋವನ್ನೂ ನೆನೆಯಬೇಕು.

ಕೊನೆಗೆ ಸಂತೆ. ಇಲ್ಲಿಯೇ ಗೃಹಿಣಿಯ ಪಾಂಡಿತ್ಯ ಪೂರ್ಣವಾಗಿ ಕಾಣುವುದು. ಅವರೆಕಾಯಿಯ ಸೊನೆಯನ್ನು ಮೂಸಿ ನೋಡುತ್ತಾಳೆ. ಬೆಂಡೆಯ ತುದಿಯನ್ನು ಮುರಿದು ಎಳೆಯದೋ ಬಲಿತದ್ದೋ ತಿಳಿಯುತ್ತಾಳೆ. ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸುತ್ತಾಳೆ. ಬೆಲ್ಲವನ್ನು ಚಿವುಟಿ ಬಾಯಿಗೆ ಹಾಕಿಕೊಂಡು ಉಪ್ಪುನೀರಿನ ಕಬ್ಬೋ ಸಿಹಿನೀರಿನದೋ ಹೇಳುತ್ತಾಳೆ. ಆಮೇಲೆ ಬೆಲೆಯ ಮಾತು. "ಏನವ್ವಾ, ಸೇರಿಗೆ ಎಷ್ಟು ಹೇಳ್ತೀಯ?" "ತಕ್ಕೊಳ್ಳಿ ಅಮ್ಮಾವ್ರೇ, ನಿಮಗಿಂತ ಹೆಚ್ಚೇ?" ಈ ಎರಡು ಮಾತುಗಳ ನಡುವೆ ಕಾಲು ಗಂಟೆಯಾದರೂ ಕಳೆಯುತ್ತದೆ. ಕೊನೆಗೆ ಅಳೆಯುವಾಗ ಮೊದಲ ಸೇರನ್ನು ಒಂದು ಎನ್ನದೆ ಲಾಭ ಎಂದು ಎಣಿಸುವುದು ಮಾರುವವಳ ಶಾಸ್ತ್ರ; ಅಳೆದ ಮೇಲೆ ಒಂದು ಹಿಡಿ ಕೊಸರು ಕೇಳುವುದು ಕೊಳ್ಳುವವಳ ಹಕ್ಕು.

ಈ ಮಾತುಗಳ ಮೂಲವೂ ಬೋಧಪ್ರದ. ಅಗ್ಗ ಎಂಬುದು ಅರ್ಘ ಎಂಬುದರ ತದ್ಭವ; ಅರ್ಘವೆಂದರೆ ಬೆಲೆ. ಚೌಕಾಸಿ ಮರಾಠಿಯಿಂದ ಬಂದ ಮಾತು. ಅಲ್ಲಿ ಅದಕ್ಕೆ ವಿಚಾರಣೆ ಎಂದು ಅರ್ಥ. ಅಗ್ಗವೆಂದರೆ ತಕ್ಕ ಬೆಲೆ, ಚೌಕಾಸಿಯೆಂದರೆ ಆ ಬೆಲೆಯನ್ನು ವಿಚಾರಿಸಿ ತಿಳಿಯುವುದು, ಎಂದು ನಮ್ಮ ಭಾಷೆ ಹೇಳುತ್ತಿರುವಂತಿದೆ. ವಿಚಾರಿಸುವುದು ಜಿಪುಣತನವಾಗದು. ಆದರೆ ಈಗ ನಡೆಯುತ್ತಿರುವುದೇನು? ಸೊಪ್ಪಿನ ಬುಟ್ಟಿ ಹೊತ್ತು ಹಳ್ಳಿಯಿಂದ ನಡೆದು ಬಂದವಳೊಡನೆ ಒಂದು ಕಂತೆಗೆ ಎರಡು ರೂಪಾಯಿ ಕಡಮೆ ಮಾಡೆಂದು ಜಗ್ಗಾಡುತ್ತೇವೆ. ತಣ್ಣಗಿನ ದೊಡ್ಡ ಅಂಗಡಿಯಲ್ಲಿ ಪೊಟ್ಟಣದ ಮೇಲೆ ಅಚ್ಚಾದ ಬೆಲೆಗೆ ಮರುಮಾತಾಡದೆ ಹಣ ಕೊಡುತ್ತೇವೆ. ಆ ಅಚ್ಚಿನ ಬೆಲೆ ಗರಿಷ್ಠ ಬೆಲೆ, ಅದಕ್ಕಿಂತ ಕಡಮೆಗೆ ಮಾರಬಹುದೆಂಬುದನ್ನು ಓದುವ ವ್ಯವಧಾನವೂ ಇಲ್ಲ. ಹಿಂದಿನ ಗೃಹಿಣಿ ಇದನ್ನು ಕಂಡಿದ್ದರೆ ಚೌಕಾಸಿಯನ್ನು ತಲೆಕೆಳಗಾಗಿ ಕಲಿತಿದ್ದೀರಿ ಎಂದು ನಗುತ್ತಿದ್ದಳು.

ಅಳತೆಯ ಕಥೆಯೂ ಹೀಗೆಯೇ. ನಾಲ್ಕು ಚಟಾಕಿಗೆ ಒಂದು ಪಾವು, ಎರಡು ಪಾವಿಗೆ ಅಚ್ಚೇರು, ನಾಲ್ಕು ಪಾವಿಗೆ ಒಂದು ಸೇರು, ನೂರು ಸೇರಿಗೆ ಒಂದು ಪಲ್ಲ. ತೂಕದ ಸೇರೇ ಬೇರೆ, ಅಳತೆಯ ಸೇರೇ ಬೇರೆ. ಊರೂರಿಗೆ ಸೇರು ಬೇರೆಯಾಗಿದ್ದುದರಿಂದ ಮೋಸಕ್ಕೂ ಬೇಕಾದಷ್ಟು ಎಡೆಯಿತ್ತು. 1956ರ ಕಾನೂನು ಇಡೀ ದೇಶಕ್ಕೆ ಮೆಟ್ರಿಕ್ ಅಳತೆಯನ್ನು ತಂದಿತು. 1957ರ ಏಪ್ರಿಲ್ 1ರಿಂದ ನಯಾಪೈಸೆ, 1958ರ ಅಕ್ಟೋಬರಿನಿಂದ ಹಂತಹಂತವಾಗಿ ಕಿಲೋಗ್ರಾಮು ಬಂದವು. ಅದು ಆಗಬೇಕಾಗಿದ್ದ ಸುಧಾರಣೆ. ಆದರೂ ಅಕ್ಕಿ ಹಾಕುವಾಗ ಇಂದಿಗೂ ಎಷ್ಟೋ ಮನೆಗಳಲ್ಲಿ ಕೈಗೆ ಸಿಗುವುದು ಆ ಹಳೆಯ ಪಾವು. ಏಕೆಂದರೆ ಒಂದು ಪಾವಿಗೆ ಎಷ್ಟು ಜನ ಉಣ್ಣುತ್ತಾರೆ, ಎಷ್ಟು ನೀರು ಬೇಕು, ಅತಿಥಿ ಬಂದರೆ ಎಷ್ಟು ಹೆಚ್ಚಿಗೆ ಹಾಕಬೇಕು ಎಂಬ ಲೆಕ್ಕ ಆ ಪಾತ್ರೆಯ ಜೊತೆಗೆ ಬಂದಿದೆ. ಕಿಲೋಗ್ರಾಮಿಗೆ ಆ ಲೆಕ್ಕ ಇನ್ನೂ ಬಂದಿಲ್ಲ.

ಕಲ್ಲಿನ ಗುಡಿಗಳನ್ನು ಕಾಯುವುದಕ್ಕೆ ಸರ್ಕಾರದ ಇಲಾಖೆಯುಂಟು, ಈಗ ಲೋಕದ ಕಣ್ಣೂ ಉಂಟು. ಮರಿಗೆಯನ್ನು, ಪಾವನ್ನು, ಹಗೇವಿನ ವಿದ್ಯೆಯನ್ನು, ಬಸ್ಸಾರಿನ ಹದವನ್ನು, ಕೊಸರೆಂಬ ಮಾತನ್ನು ಕಾಯುವ ಇಲಾಖೆ ಯಾವುದೂ ಇಲ್ಲ. ಅದನ್ನು ಮನೆಯವರೇ ಮಾಡಬೇಕು. ಮನೆಯಲ್ಲಿ ವಯಸ್ಸಾದವರಿದ್ದರೆ ಅವರು ಹೇಳುವ ಹತ್ತು ಅಡಿಗೆಗಳನ್ನು, ಅಳತೆಯನ್ನು ಪಾವು ಚಟಾಕಿನಲ್ಲಿಯೇ ಇಟ್ಟು, ಅವರ ಮಾತಿನಲ್ಲಿಯೇ ಬರೆದುಕೊಳ್ಳಿರಿ. ಮಗನನ್ನೂ ಮಗಳನ್ನೂ ಒಮ್ಮೆ ಸಂತೆಗೆ ಕರೆದುಕೊಂಡು ಹೋಗಿ ಬೆಂಡೆಯ ತುದಿ ಮುರಿಯುವುದನ್ನು ಕಲಿಸಿರಿ. ಬೆಲೆಯನ್ನು ವಿಚಾರಿಸಲಿ, ಬಡವಳ ಬುಟ್ಟಿಯ ಮುಂದೆ ಕೊಸರನ್ನು ಕೇಳದೆ ಇರುವುದನ್ನೂ ಕಲಿಯಲಿ. ಅಟ್ಟದ ಮೇಲೆ ಮರಿಗೆಯಿದ್ದರೆ ಇಳಿಸಿ, ತೊಳೆದು, ಗಂಜಿ ಕಾಯಿಸಿ ಪಳಗಿಸಿ, ಒಂದು ಭಾನುವಾರ ಅದರಲ್ಲಿ ಗೊಜ್ಜು ಮಾಡಿರಿ.